ಹಾಸಿಗೆ ಪಕ್ಕದ ಹದಿನೈದು ನಿಮಿಷ

ರಕ್ತದ ಚೀಲ ಹಿಡಿದು ವಾರ್ಡಿಗೆ ಬಂದ ಸಿಸ್ಟರ್ ರೋಗಿಯನ್ನು ಎರಡು ರೀತಿಯಲ್ಲಿ ಮಾತಾಡಿಸಬಹುದು. “ಲಕ್ಷ್ಮಮ್ಮ ಅಂದ್ರೆ ನೀವೇ ತಾನೆ?” ಎನ್ನುವುದು ಒಂದು. “ಅಮ್ಮಾ, ನಿಮ್ಮ ಹೆಸರೇನು ಹೇಳಿ” ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಬಹುಪಾಲು “ಹೂಂ” ಎಂಬ ಉತ್ತರವೇ ಬರುತ್ತದೆ. ಜ್ವರದ ಮಂಪರಿನಲ್ಲಿರುವವರು, ಕಿವಿ ಮಂದವಾದವರು, ಆಸ್ಪತ್ರೆಯವರ ಮಾತಿಗೆ ಎದುರಾಡಬಾರದು ಎಂದುಕೊಂಡ ಹಳ್ಳಿಯ ಹಿರಿಯರು, ಕನ್ನಡ ಅಷ್ಟಾಗಿ ಬಾರದ ವಲಸೆ ಕಾರ್ಮಿಕರು ಎಲ್ಲರೂ ಹೂಂ ಅನ್ನುತ್ತಾರೆ. ಎರಡನೆಯದಕ್ಕೆ ಹಾಗೆ ಹೂಂಗುಟ್ಟಲು ಬರುವುದಿಲ್ಲ, ಹೆಸರು ರೋಗಿಯ ಬಾಯಿಂದಲೇ ಹೊರಡಬೇಕು. ರಕ್ತಪೂರಣದ ಒಳ್ಳೆಯ ಕೈಪಿಡಿಗಳೆಲ್ಲ ಈ ಎರಡನೆಯ ಪ್ರಶ್ನೆಯನ್ನೇ ಕೇಳಿ ಎನ್ನುತ್ತವೆ. ಓದಿದಾಗ ಇದು ತೀರಾ ಚಿಕ್ಕ ಸಂಗತಿಯಂತೆ ಕಾಣುತ್ತದೆ. ನೂರಿಪ್ಪತ್ತು ವರ್ಷಗಳ ರಕ್ತವಿಜ್ಞಾನ ಕೊನೆಗೆ ಬಂದು ನಿಲ್ಲುವುದು ಮಾತ್ರ ಇದರ ಮೇಲೆಯೇ.

ನಮ್ಮ ವಾರ್ಡುಗಳಲ್ಲಿ ಈ ಪ್ರಶ್ನೆಗೆ ಇರುವ ತೊಡಕುಗಳೂ ನಮ್ಮವೇ. ಒಂದೇ ದಿನ ಇಬ್ಬರು ಮಂಜುನಾಥರು, ಮೂವರು ಲಕ್ಷ್ಮಮ್ಮಂದಿರು ದಾಖಲಾಗಿರುವುದು ಜಿಲ್ಲಾ ಆಸ್ಪತ್ರೆಯಲ್ಲಿ ವಿಶೇಷವೇನಲ್ಲ. ಇನಿಶಿಯಲ್ ಒಂದೇ ಆಗಿರಬಹುದು, ಊರೂ ಒಂದೇ ಆಗಿರಬಹುದು. ಹೊರದೇಶಗಳಲ್ಲಿ ಹೆಸರಿನ ಜೊತೆ ಹುಟ್ಟಿದ ದಿನಾಂಕ ಕೇಳಿ ಗುರುತು ಖಚಿತಪಡಿಸಿಕೊಳ್ಳುತ್ತಾರೆ. ನಮ್ಮಲ್ಲಿ ಹಿರಿಯರಲ್ಲಿ ಎಷ್ಟೋ ಜನರಿಗೆ ಹುಟ್ಟಿದ ದಿನ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1 ಅಥವಾ ಆಧಾರ್ ಕಾರ್ಡಿನಲ್ಲಿ ಮೂಡಿಬಂದ ಜನವರಿ 1 ಸಾವಿರಾರು ಮಂದಿಗೆ ಸಾಮಾನ್ಯ. ಹಾಗಾಗಿ ಆ ದಿನಾಂಕ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡುವುದೇ ಇಲ್ಲ. ಗಂಡನ ಹೆಸರು ಕೇಳಿದರೆ ಅಜ್ಜಿಯರು ಬಾಯಿ ಬಿಡುವುದಿಲ್ಲ. ಯಜಮಾನರ ಹೆಸರು ಹೇಳಬಾರದೆಂಬ ಸಂಪ್ರದಾಯ ಆಸ್ಪತ್ರೆಯ ಮಂಚದ ಮೇಲೂ ಅವರನ್ನು ಬಿಡುವುದಿಲ್ಲ. ಅನುಭವಸ್ಥ ಸಿಸ್ಟರ್‌ಗಳು ಇದನ್ನು ಬಲ್ಲರು. ಮಗನನ್ನೋ ಸೊಸೆಯನ್ನೋ ಕರೆದು ಕೇಳುತ್ತಾರೆ, ಊರು ಕೇಳುತ್ತಾರೆ, ಕೊನೆಗೆ ಕೈಗೆ ಕಟ್ಟಿದ ಪಟ್ಟಿಯಲ್ಲಿರುವ ಐ.ಪಿ. ನಂಬರನ್ನು ಕೇಸ್ ಶೀಟಿನ ಜೊತೆ, ಚೀಲಕ್ಕೆ ಕಟ್ಟಿದ ಚೀಟಿಯ ಜೊತೆ ಅಂಕಿ ಅಂಕಿಯಾಗಿ ಹೋಲಿಸಿ ನೋಡುತ್ತಾರೆ. ಬೆಡ್ ನಂಬರನ್ನು ಮಾತ್ರ ನಂಬುವುದಿಲ್ಲ. ಬೆಳಗ್ಗೆ ಹನ್ನೆರಡನೇ ಬೆಡ್ಡಿನಲ್ಲಿದ್ದವರು ಮಧ್ಯಾಹ್ನ ಕಿಟಕಿ ಪಕ್ಕಕ್ಕೆ ಹೋಗಿರುತ್ತಾರೆ. ಕೆಲವೊಮ್ಮೆ ರೋಗಿ ಬಚ್ಚಲಿಗೆ ಹೋದಾಗ ಜೊತೆಗೆ ಬಂದವರು ಅದೇ ಮಂಚದಲ್ಲಿ ಮಲಗಿ ನಿದ್ದೆ ಹೋಗಿರುತ್ತಾರೆ.

ಇಷ್ಟು ಎಚ್ಚರ ಯಾಕೆ ಬೇಕು? ತಪ್ಪು ಮಾತ್ರೆ ನುಂಗಿಸಿದರೂ ಅಪಾಯವೇ, ಆದರೆ ಬಹಳಷ್ಟು ಸಲ ದೇಹ ಅದನ್ನು ತಾಳಿಕೊಳ್ಳುತ್ತದೆ. ತಪ್ಪು ಗುಂಪಿನ ರಕ್ತಕ್ಕೆ ದೇಹ ಅಂಥ ಅವಕಾಶ ಕೊಡುವುದಿಲ್ಲ. 1818ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯ ಜೇಮ್ಸ್ ಬ್ಲಂಡೆಲ್ ಒಬ್ಬ ಮನುಷ್ಯನಿಗೆ ಬೇರೆ ಮನುಷ್ಯರ ರಕ್ತವನ್ನು ಸಿರಿಂಜಿನಿಂದ ಕೊಟ್ಟರು. ಆ ರೋಗಿ ಉಳಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಅವರು ಹೀಗೆ ರಕ್ತ ಕೊಟ್ಟವರಲ್ಲಿ, ಹೆರಿಗೆಯ ನಂತರ ರಕ್ತ ಸೋರಿ ಸಾಯುವ ಸ್ಥಿತಿಯಲ್ಲಿದ್ದ ಕೆಲವು ತಾಯಂದಿರು ಬದುಕಿದರು, ಉಳಿದವರು ಬದುಕಲಿಲ್ಲ. ಒಬ್ಬರಿಗೆ ಒಗ್ಗಿದ ರಕ್ತ ಇನ್ನೊಬ್ಬರಿಗೆ ಏಕೆ ಒಗ್ಗುವುದಿಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತಮ್ಮ ಮತ್ತು ತಮ್ಮ ಸಹೋದ್ಯೋಗಿಗಳ ರಕ್ತವನ್ನು ತೆಗೆದು, ಒಬ್ಬರ ಕೆಂಪುಕಣಗಳನ್ನು ಇನ್ನೊಬ್ಬರ ಸೀರಮ್ಮಿನ ಜೊತೆ ಬೆರೆಸಿ ನೋಡಿ, ಕೆಲವು ಜೋಡಿಗಳಲ್ಲಿ ಕಣಗಳು ಮುದ್ದೆಗಟ್ಟುವುದನ್ನು ಕಂಡರು. 1901ರಲ್ಲಿ ಅವರು ರಕ್ತವನ್ನು ಗುಂಪುಗಳಾಗಿ ವಿಂಗಡಿಸಿದರು. ಮರುವರ್ಷ ಅವರ ಜೊತೆಗಾರರು ಎಬಿ ಗುಂಪನ್ನು ಕಂಡುಕೊಂಡರು. 1930ರಲ್ಲಿ ಲ್ಯಾಂಡ್‌ಸ್ಟೈನರ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಎಬಿಒ ಗುಂಪಿನ ಅಪಾಯಕ್ಕೆ ಒಂದು ವಿಶೇಷ ಕಾರಣವಿದೆ. ಸಾಮಾನ್ಯವಾಗಿ ದೇಹ ಒಂದು ಹೊರವಸ್ತುವನ್ನು ಮೊದಲ ಸಲ ಕಂಡಾಗ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಎ ಮತ್ತು ಬಿ ಆಂಟಿಜೆನ್‌ಗಳ ವಿಷಯದಲ್ಲಿ ಹಾಗಿಲ್ಲ. ಇವು ಕೆಂಪುಕಣದ ಮೇಲ್ಮೈಯಲ್ಲಿ ಚಾಚಿಕೊಂಡಿರುವ ಸಕ್ಕರೆಯ ಸರಪಳಿಗಳು. ಇವುಗಳನ್ನೇ ಹೋಲುವ ಸಕ್ಕರೆಗಳು ನಮ್ಮ ಕರುಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳ ಮೈಮೇಲೂ ಇರುತ್ತವೆ. ಮಗುವಿಗೆ ಕೆಲವೇ ತಿಂಗಳಾಗುವಷ್ಟರಲ್ಲಿ ಅದರ ದೇಹ ತನ್ನಲ್ಲಿ ಇಲ್ಲದ ಸಕ್ಕರೆಯ ವಿರುದ್ಧ ಪ್ರತಿಕಾಯ ತಯಾರಿಸತೊಡಗುತ್ತದೆ. ಒ ಗುಂಪಿನ ವ್ಯಕ್ತಿ ಜೀವಮಾನದಲ್ಲಿ ಒಮ್ಮೆಯೂ ರಕ್ತ ಪಡೆಯದಿದ್ದರೂ ಅವರ ಪ್ಲಾಸ್ಮಾದಲ್ಲಿ ಎ ಮತ್ತು ಬಿ ಎರಡರ ವಿರುದ್ಧವೂ ಪ್ರತಿಕಾಯಗಳು ಸಿದ್ಧವಾಗಿ ತಿರುಗುತ್ತಿರುತ್ತವೆ.

ಅಂಥವರಿಗೆ ಎ ಗುಂಪಿನ ರಕ್ತ ಹೋಯಿತೆನ್ನಿ. ಪ್ರತಿಕಾಯಗಳು ಹೊಸ ಕಣಗಳಿಗೆ ಅಂಟಿಕೊಳ್ಳುತ್ತವೆ, ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸಾಲು ಎಚ್ಚರಗೊಳ್ಳುತ್ತದೆ, ಕೊನೆಗೆ ಅವು ಕಣದ ಪೊರೆಯಲ್ಲಿ ತೂತು ಕೊರೆಯುತ್ತವೆ. ನೀರು ನುಗ್ಗಿ ಕಣ ಒಡೆಯುತ್ತದೆ. ಇದೆಲ್ಲ ನಡೆಯುವುದು ರಕ್ತನಾಳದ ಒಳಗೇ, ನಿಮಿಷಗಳಲ್ಲಿ. ಕಣದಿಂದ ಹೊರಬಿದ್ದ ಹಿಮೊಗ್ಲೋಬಿನ್, ರಕ್ತನಾಳಗಳನ್ನು ಹಿಗ್ಗಿಸಿಡುವ ನೈಟ್ರಿಕ್ ಆಕ್ಸೈಡನ್ನು ಹೀರಿಕೊಂಡುಬಿಡುತ್ತದೆ. ಮೂತ್ರಪಿಂಡ ಆ ಹಿಮೊಗ್ಲೋಬಿನನ್ನು ಸೋಸಲು ಹೋಗಿ ತಾನೇ ಹಾಳಾಗುತ್ತದೆ. ಮೂತ್ರ ಕೆಂಪಾಗಿ ಅಥವಾ ಕಂದಾಗಿ ಬರುತ್ತದೆ. ರಕ್ತದೊತ್ತಡ ಕುಸಿಯುತ್ತದೆ. ಹೆಪ್ಪುಗಟ್ಟುವ ವ್ಯವಸ್ಥೆ ದಿಕ್ಕುತಪ್ಪಿ, ಸಣ್ಣ ನಾಳಗಳಲ್ಲಿ ಹೆಪ್ಪು ಕಟ್ಟುತ್ತ, ಸೂಜಿ ಚುಚ್ಚಿದ ಜಾಗಗಳಿಂದ ರಕ್ತ ಒಸರತೊಡಗುತ್ತದೆ. ಇದರ ಉಗ್ರತೆ ಒಳಗೆ ಹೋದ ರಕ್ತದ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಮುಂದೆ ಹೇಳಲಿರುವ ಹದಿನೈದು ನಿಮಿಷದ ನಿಯಮ ನಿಂತಿರುವುದು ಆ ಲೆಕ್ಕದ ಮೇಲೆ.

ತಪ್ಪು ಎಲ್ಲಿ ಆಗುತ್ತದೆ? ಪ್ರಯೋಗಾಲಯದಲ್ಲಿ, ಗುಂಪು ಪರೀಕ್ಷೆ ಎಡವಿದಾಗ, ಎಂದು ಹೊರಗಿನವರು ಊಹಿಸುತ್ತಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯ ತನ್ನ ಹತ್ತು ವರ್ಷಗಳ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ 2000ದಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯದನ್ನೇ ತೋರಿಸಿತು. ಅಲ್ಲಿ ಸುಮಾರು 19,000 ಚೀಲಗಳಲ್ಲಿ ಒಂದು ತಪ್ಪಾಗಿ ಹೋಗಿತ್ತು. ಅಂಥ ಘಟನೆಗಳಲ್ಲಿ ಅರ್ಧದಷ್ಟು ಸಂಭವಿಸಿದ್ದು ರಕ್ತನಿಧಿಯ ಹೊರಗೆ. ಸರಿಯಾದ ಚೀಲವನ್ನು ಬೇರೆ ರೋಗಿಗೆ ಹಾಕಿದ್ದು ನೂರಕ್ಕೆ 38, ರಕ್ತದ ಮಾದರಿಯನ್ನು ತಪ್ಪು ರೋಗಿಯಿಂದ ತೆಗೆದದ್ದು ಅಥವಾ ಟ್ಯೂಬಿಗೆ ತಪ್ಪು ಹೆಸರು ಅಂಟಿಸಿದ್ದು ನೂರಕ್ಕೆ 13. ರಕ್ತನಿಧಿ ತಪ್ಪು ಚೀಲ ಕೊಟ್ಟಾಗಲೂ ಹಾಸಿಗೆಯ ಪಕ್ಕದಲ್ಲಿ ಅದನ್ನು ಹಿಡಿಯುವ ಅವಕಾಶ ಇತ್ತು, ಕೆಲವು ಸಲ ಅದೂ ಕೈತಪ್ಪಿತ್ತು. ಬ್ರಿಟನ್ 1996ರಿಂದ ‘ಶಾಟ್’ ಎಂಬ ವ್ಯವಸ್ಥೆಯ ಮೂಲಕ ಇಂಥ ಘಟನೆಗಳನ್ನು ದಾಖಲಿಸುತ್ತಿದೆ. ಅದರ ವರದಿಗಳೂ ವರ್ಷ ವರ್ಷ ಇದನ್ನೇ ಹೇಳುತ್ತವೆ: ಹೆಚ್ಚಿನವು ಮನುಷ್ಯರಿಂದಾದ ತಪ್ಪುಗಳು, ತಡೆಯಬಹುದಾಗಿದ್ದವು.

ಟ್ಯೂಬಿನ ಮೇಲಿನ ಹೆಸರಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇಲ್ಲಿ ಆದ ತಪ್ಪು ಮುಂದೆ ಎಲ್ಲಿಯೂ ಕಣ್ಣಿಗೆ ಬೀಳದೆ ಸಾಗಬಹುದು. ಎರಡು ಬೆಡ್ಡುಗಳಿಂದ ರಕ್ತ ತೆಗೆದು, ಎರಡು ಟ್ಯೂಬುಗಳನ್ನು ಟ್ರೇಯಲ್ಲಿಟ್ಟುಕೊಂಡು, ನರ್ಸಿಂಗ್ ಸ್ಟೇಷನ್ನಿಗೆ ಬಂದು ಕುಳಿತು ಹೆಸರು ಬರೆದರೆ ಅದಲುಬದಲಾಗಲು ಒಂದು ಫೋನ್ ಕರೆ ಸಾಕು. ಮೊದಲೇ ಹೆಸರು ಬರೆದಿಟ್ಟ ಖಾಲಿ ಟ್ಯೂಬುಗಳಲ್ಲೂ ಅಷ್ಟೇ ಅಪಾಯ. ಪ್ರಯೋಗಾಲಯದವರು ತಮ್ಮ ಕೈಗೆ ಬಂದ ರಕ್ತವನ್ನು ನಿಖರವಾಗಿ ಪರೀಕ್ಷಿಸುತ್ತಾರೆ, ಚೀಲದ ರಕ್ತದೊಡನೆ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್ ಮ್ಯಾಚ್ ಮಾಡುತ್ತಾರೆ, ಎಲ್ಲವೂ ಸರಿಹೊಂದುತ್ತದೆ, ಆದರೆ ಆ ರಕ್ತ ಆ ಹೆಸರಿನವರದ್ದಲ್ಲ. 2003ರಲ್ಲಿ ಪ್ರಕಟವಾದ, ಹತ್ತು ದೇಶಗಳ ಆಸ್ಪತ್ರೆಗಳನ್ನು ಒಳಗೊಂಡ ಅಧ್ಯಯನವೊಂದರಲ್ಲಿ ಇಂಥ ಟ್ಯೂಬುಗಳು ಸುಮಾರು 2000ಕ್ಕೆ ಒಂದರಂತೆ ಸಿಕ್ಕಿದ್ದವು. ಅದಕ್ಕೇ ನಿಯಮ: ಒಂದು ಸಲಕ್ಕೆ ಒಬ್ಬರೇ ರೋಗಿ, ಹೆಸರು ಕೇಳಿ, ಪಟ್ಟಿ ನೋಡಿ, ರಕ್ತ ತೆಗೆದು, ಅಲ್ಲೇ ನಿಂತು ಟ್ಯೂಬಿನ ಮೇಲೆ ಬರೆದು, ಆಮೇಲೆ ಮುಂದಿನ ಹೆಜ್ಜೆ. ಮೊದಲ ಸಲ ಬಂದ ರೋಗಿಗೆ ಬೇರೆ ಹೊತ್ತಿನಲ್ಲಿ ತೆಗೆದ ಎರಡನೆಯ ಮಾದರಿಯನ್ನೂ ಕೇಳುವ ರಕ್ತನಿಧಿಗಳಿವೆ. “ಮತ್ತೆ ಯಾಕೆ ಚುಚ್ತೀರಿ” ಎಂದು ರೋಗಿಯ ಕಡೆಯವರು ರೇಗುವುದುಂಟು. ಆ ಎರಡನೆಯ ಚುಚ್ಚು ಅವರ ರಕ್ಷಣೆಗೆಂದೇ ಇದೆ.

ಮಾದರಿ ತೆಗೆಯುವಾಗಲೇ ಕೇಳಬೇಕಾದ ಇನ್ನೆರಡು ಪ್ರಶ್ನೆಗಳಿವೆ: ಹಿಂದೆ ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದೀರಾ? ಹೆಂಗಸರಾದರೆ, ಎಷ್ಟು ಬಸಿರು? ಎಬಿಒ, ಆರ್‌ಎಚ್ ಬಿಟ್ಟರೂ ಕೆಂಪುಕಣದ ಮೇಲೆ ನೂರಾರು ಆಂಟಿಜೆನ್‌ಗಳಿವೆ. ಹಿಂದಿನ ರಕ್ತದಿಂದಲೋ ಹೊಟ್ಟೆಯಲ್ಲಿದ್ದ ಮಗುವಿನ ರಕ್ತದಿಂದಲೋ ಅವುಗಳ ಪರಿಚಯವಾಗಿದ್ದರೆ ದೇಹ ಪ್ರತಿಕಾಯ ತಯಾರಿಸಿಟ್ಟಿರಬಹುದು. 1952ರಲ್ಲಿ ವೈ.ಎಂ. ಭೇಂಡೆ ಮತ್ತು ಅವರ ಸಂಗಡಿಗರು ಮುಂಬಯಿಯಲ್ಲಿ ಕಂಡುಹಿಡಿದ ಗುಂಪು ಇನ್ನೂ ವಿಚಿತ್ರ. ಮೇಲ್ನೋಟಕ್ಕೆ ಅದು ಒ ಗುಂಪಿನಂತೆಯೇ ಕಾಣುತ್ತದೆ, ಆದರೆ ಒ ರಕ್ತವನ್ನೂ ತಾಳುವುದಿಲ್ಲ. ಎ ಮತ್ತು ಬಿ ಸಕ್ಕರೆಗಳು ಕಟ್ಟಿಕೊಳ್ಳುವ ಎಚ್ ಎಂಬ ಅಡಿಪಾಯವೇ ಆ ಕಣಗಳಲ್ಲಿ ಇರುವುದಿಲ್ಲ, ಅದರ ವಿರುದ್ಧ ಪ್ರತಿಕಾಯ ಇರುತ್ತದೆ. ‘ಬಾಂಬೆ ಗುಂಪು’ ಎಂದೇ ಹೆಸರಾದ ಇದು ಅಪರೂಪವಾದರೂ ಕರ್ನಾಟಕದಲ್ಲೂ ಕಂಡುಬರುತ್ತದೆ. ಇನ್ನು 2025ರಲ್ಲಿ ಕೋಲಾರ ಕಡೆಯ ಒಬ್ಬ ಮಹಿಳೆಯ ರಕ್ತಕ್ಕೆ ಯಾವ ಚೀಲವೂ ಹೊಂದದೆ, ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರದಿಂದ ಮಾದರಿ ಬ್ರಿಟನ್ನಿನ ಬ್ರಿಸ್ಟಲ್ ಪ್ರಯೋಗಾಲಯದವರೆಗೂ ಹೋಗಿ, ಕ್ರೋಮರ್ ಎಂಬ ರಕ್ತಗುಂಪು ವ್ಯವಸ್ಥೆಗೆ ಸೇರಿದ ಹೊಸದೊಂದು ಆಂಟಿಜೆನ್ ಬೆಳಕಿಗೆ ಬಂತು. ಅದಕ್ಕೆ ‘ಕ್ರಿಬ್’ ಎಂದು ಹೆಸರಾಯಿತು. ಆಕೆಯ ಶಸ್ತ್ರಚಿಕಿತ್ಸೆಯನ್ನು ರಕ್ತ ಕೊಡದೆಯೇ ಮುಗಿಸಿದರು. ಕ್ರಾಸ್ ಮ್ಯಾಚ್ ತಡವಾದಾಗ ಕಾರಿಡಾರಿನಲ್ಲಿ ಏಳುವ ಕೂಗಾಟ ಎಲ್ಲರಿಗೂ ಗೊತ್ತು. ರಕ್ತನಿಧಿಯವರು ಕಾಯಿಸುತ್ತಿದ್ದಾರೆ ಎಂದರೆ ಹುಡುಕುತ್ತಿದ್ದಾರೆ ಎಂದೂ ಆಗಿರಬಹುದು ಎಂಬುದನ್ನು ರೋಗಿಯ ಕಡೆಯವರಿಗೆ ತಿಳಿಹೇಳುವ ಕೆಲಸವೂ ಸಿಸ್ಟರ್ ಪಾಲಿಗೇ ಬರುತ್ತದೆ.

ಗುಂಪು ಹೊಂದಿದರೆ ಸಾಲದು, ಚೀಲದ ರಕ್ತ ಶುದ್ಧವಾಗಿಯೂ ಇರಬೇಕು. ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪಿನ ನಂತರ ನಮ್ಮ ದೇಶದಲ್ಲಿ ಹಣಕ್ಕೆ ರಕ್ತ ಮಾರುವ ಪದ್ಧತಿ 1998ರ ಜನವರಿ 1ರಿಂದ ನಿಷೇಧವಾಯಿತು. ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ಇಷ್ಟೆಲ್ಲ ದಾಟಿ ಬಂದ ಚೀಲವನ್ನು ರಕ್ತನಿಧಿಯಿಂದ ವಾರ್ಡಿಗೆ ತರುವ ಹತ್ತು ನಿಮಿಷದ ದಾರಿಯಲ್ಲಿ ಕೆಡಿಸಿಬಿಡಬಹುದು. ಕೆಂಪುಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಆ ತಂಪಿನಲ್ಲಿ ಕಣಗಳ ಚಟುವಟಿಕೆ ನಿಧಾನವಾಗಿ, ಸೇರಿಸಿದ ಪೋಷಕ ದ್ರಾವಣಕ್ಕೆ ತಕ್ಕಂತೆ 35 ಅಥವಾ 42 ದಿನ ಬಾಳುತ್ತವೆ. ಹೊರಗಿನ ಬಿಸಿಯಲ್ಲಿ ಬಿಟ್ಟರೆ, ಎಲ್ಲೋ ಚರ್ಮದಿಂದ ಚೀಲಕ್ಕೆ ಸೇರಿರಬಹುದಾದ ಒಂದೆರಡು ಬ್ಯಾಕ್ಟೀರಿಯಾಗಳಿಗೆ ಅದಕ್ಕಿಂತ ಒಳ್ಳೆಯ ಊಟ ಇನ್ನೊಂದಿಲ್ಲ. ಆದ್ದರಿಂದ ಚೀಲ ಹೊರಬಂದ ಮೂವತ್ತು ನಿಮಿಷದೊಳಗೆ ಶುರುಮಾಡಬೇಕು, ಆಗದಿದ್ದರೆ ರಕ್ತನಿಧಿಗೆ ಹಿಂದಿರುಗಿಸಬೇಕು. ಶುರುವಾದದ್ದು ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಮುಗಿಯದಿದ್ದರೆ ಉಳಿದದ್ದನ್ನು ಬಿಟ್ಟುಬಿಡಬೇಕು.

ಇಲ್ಲಿ ನಮ್ಮ ಒಂದು ಅಭ್ಯಾಸದ ಬಗ್ಗೆ ಹೇಳದೆ ಇರಲಾರೆ. ಎಷ್ಟೋ ಕಡೆ ರಕ್ತ ತರಲು ರೋಗಿಯ ಕಡೆಯವರನ್ನೇ ಕಳಿಸುತ್ತಾರೆ. ಅವರು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು, ಲಿಫ್ಟಿಗೆ ಕಾದು, ದಾರಿಯಲ್ಲಿ ಔಷಧಿ ಅಂಗಡಿಗೂ ಹೋಗಿ ಬರುತ್ತಾರೆ. ತಣ್ಣಗಿದೆ ಎಂದು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡುವವರಿದ್ದಾರೆ, ಬಿಸಿನೀರಿನ ಬೋಗುಣಿಯಲ್ಲಿ ಮುಳುಗಿಸುವ ಪದ್ಧತಿಯೂ ಪೂರ್ತಿ ಹೋಗಿಲ್ಲ. ಬಿಸಿನೀರು ತಾಗಿದ ಕಡೆ ಕಣಗಳು ಚೀಲದೊಳಗೇ ಒಡೆಯುತ್ತವೆ. ಬೇಗಬೇಗ ಬಹಳ ರಕ್ತ ಕೊಡಬೇಕಾದಾಗ ಮಾತ್ರ ಬೆಚ್ಚಗೆ ಮಾಡುವ ಅಗತ್ಯ ಬರುತ್ತದೆ, ಅದಕ್ಕೆಂದೇ ಮಾಡಿದ ಯಂತ್ರವಿದೆ. ನಿಧಾನವಾಗಿ ಹನಿಯುವ ರಕ್ತ ನಾಳ ಸೇರುವಷ್ಟರಲ್ಲಿ ತಾನೇ ಬೆಚ್ಚಗಾಗುತ್ತದೆ. ಇನ್ಸುಲಿನ್ ಇಡುವ ವಾರ್ಡಿನ ಫ್ರಿಜ್ಜಿನಲ್ಲಿ “ಸ್ವಲ್ಪ ಹೊತ್ತು ಇರಲಿ” ಎಂದು ಇಡುವುದೂ ತಪ್ಪು. ಅದರ ಉಷ್ಣತೆಯನ್ನು ಯಾರೂ ಗಮನಿಸುತ್ತಿರುವುದಿಲ್ಲ, ಹಿಮಗಟ್ಟಿದ ಗೋಡೆಗೆ ತಾಗಿದ ಕಣಗಳು ಸಾಯುತ್ತವೆ. ಪ್ಲೇಟ್‌ಲೆಟ್‌ಗಳಿಗಂತೂ ಫ್ರಿಜ್ಜೇ ಆಗದು. ಅವನ್ನು 20ರಿಂದ 24 ಡಿಗ್ರಿಯಲ್ಲಿ ಮೆಲ್ಲಗೆ ಅಲುಗಿಸುತ್ತ ಇಡುತ್ತಾರೆ, ಐದೇ ದಿನ. ಮಳೆಗಾಲದ ಡೆಂಗಿ ದಿನಗಳಲ್ಲಿ ಹತ್ತಾರು ಪ್ಲೇಟ್‌ಲೆಟ್ ಚೀಲಗಳು ವಾರ್ಡಿಗೆ ಬರುವಾಗ ಇದನ್ನು ನೆನಪಿಡಬೇಕು. ಕೋಣೆಯ ಬಿಸಿಯಲ್ಲೇ ಇರುವುದರಿಂದ ಬ್ಯಾಕ್ಟೀರಿಯಾ ಬೆಳೆಯುವ ಭಯ ಈ ಚೀಲಗಳಲ್ಲಿ ಹೆಚ್ಚು.

ಚೀಲ ಬಂತು, ಇಬ್ಬರು ಸಿಸ್ಟರ್‌ಗಳು ಸೇರಿ ಪರಿಶೀಲಿಸಬೇಕು. ಗುಂಪು, ಚೀಲದ ನಂಬರು, ಅವಧಿ ಮುಗಿಯುವ ದಿನ, ಕ್ರಾಸ್ ಮ್ಯಾಚ್ ಚೀಟಿ, ಒಪ್ಪಿಗೆ ಪತ್ರ, ವೈದ್ಯರ ಬರಹದ ಆದೇಶ. ಚೀಲ ಸೋರುತ್ತಿದೆಯೇ, ಬಣ್ಣ ಕಪ್ಪಾಗಿದೆಯೇ, ಗಂಟುಗಳಿವೆಯೇ. ಇಬ್ಬರು ಬೇಕೆಂದು ನಿಯಮ ಹೇಳುತ್ತದೆ, ಆದರೆ ಇಬ್ಬರ ಪರಿಶೀಲನೆ ನಿಜವಾಗಿ ಎರಡು ಪರಿಶೀಲನೆಯಾಗುವುದು ಇಬ್ಬರೂ ಬೇರೆಬೇರೆಯಾಗಿ ಓದಿದಾಗ. ಒಬ್ಬರು ಜೋರಾಗಿ ಓದಿ ಇನ್ನೊಬ್ಬರು ತಲೆಯಾಡಿಸಿದರೆ, ಮೊದಲನೆಯವರ ಕಣ್ಣು ತಪ್ಪಿದ್ದನ್ನು ಎರಡನೆಯವರ ಕಿವಿ ಹಿಡಿಯಲಾರದು. ಇನ್ನೂ ಕೆಟ್ಟದ್ದು, ನರ್ಸಿಂಗ್ ಸ್ಟೇಷನ್ನಿನ ಮೇಜಿನ ಬಳಿಯೇ ಎರಡು ಸಹಿ ಹಾಕಿ, ಒಬ್ಬರೇ ಚೀಲ ಹಿಡಿದು ಹೋಗುವುದು. ಅಲ್ಲಿ ಕಾಗದಕ್ಕೆ ಕಾಗದ ಹೊಂದಿತು, ರೋಗಿಯನ್ನು ಯಾರೂ ನೋಡಲೇ ಇಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಬಾರ್‌ಕೋಡ್ ಓದುವ ಯಂತ್ರಗಳು ಬಂದಿವೆ, ಬಹಳ ಒಳ್ಳೆಯದು. ಆದರೆ ಕೈ ಊದಿದೆಯೆಂದು ಪಟ್ಟಿ ಬಿಚ್ಚಿ ಮಂಚದ ಕಂಬಿಗೆ ಅಂಟಿಸಿದ್ದರೆ ಯಂತ್ರ ಓದುವುದು ಮಂಚವನ್ನು.

ನೇತುಹಾಕುವ ಹಂತದ ನಿಯಮಗಳ ಹಿಂದೆ ಸೊಗಸಾದ ರಸಾಯನಶಾಸ್ತ್ರವಿದೆ. ಚೀಲದಲ್ಲಿ ರಕ್ತ ಹೆಪ್ಪುಗಟ್ಟದಿರಲು ಸಿಟ್ರೇಟ್ ಹಾಕಿರುತ್ತಾರೆ. ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು, ಸಿಟ್ರೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಈಗಾಗಲೇ ರಿಂಗರ್ ಲ್ಯಾಕ್ಟೇಟ್ ಓಡುತ್ತಿರುವ ನಳಿಕೆಗೇ ರಕ್ತವನ್ನು ಜೋಡಿಸಿದರೆ ಆ ದ್ರವದಲ್ಲಿರುವ ಕ್ಯಾಲ್ಸಿಯಂ ಬಂದು ಸೇರಿ ನಳಿಕೆಯಲ್ಲೇ ಹೆಪ್ಪು ಕಟ್ಟಬಹುದು. ಐದು ಪರ್ಸೆಂಟ್ ಡೆಕ್ಸ್‌ಟ್ರೋಸ್ ಆದರೆ ಸಕ್ಕರೆ ಕಣದೊಳಗೆ ಹೋಗುತ್ತದೆ, ಹಿಂದೆಯೇ ನೀರೂ ನುಗ್ಗುತ್ತದೆ, ಕಣ ಊದಿ ಒಡೆಯುತ್ತದೆ. ರಕ್ತದ ಜೊತೆ ನಾರ್ಮಲ್ ಸಲೈನ್ ಒಂದೇ ಸಲ್ಲುವುದು. ಔಷಧಿಯನ್ನು ಚೀಲಕ್ಕೆ ಸೇರಿಸಲೇಬಾರದು. ಸೇರಿಸಿದರೆ ಆಮೇಲೆ ಮೈ ನಡುಗಿದಾಗ ರಕ್ತದಿಂದಲೋ ಔಷಧಿಯಿಂದಲೋ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಸಾಮಾನ್ಯ ಡ್ರಿಪ್ ಸೆಟ್ ಕೂಡ ನಡೆಯುವುದಿಲ್ಲ. ರಕ್ತದ ಸೆಟ್ಟಿನಲ್ಲಿ 170ರಿಂದ 200 ಮೈಕ್ರಾನ್ ಜಾಲರಿಯಿರುತ್ತದೆ, ಶೇಖರಣೆಯ ದಿನಗಳಲ್ಲಿ ಕಟ್ಟಿಕೊಂಡ ಸಣ್ಣ ಗಂಟುಗಳನ್ನು ಅದು ಹಿಡಿಯುತ್ತದೆ.

ಈಗ ಹದಿನೈದು ನಿಮಿಷ. ಶುರುವಿಗೆ ಮೊದಲು ಜ್ವರ, ನಾಡಿ, ಬಿ.ಪಿ., ಉಸಿರು ನೋಡಿ ಬರೆಯಬೇಕು. ಮಲೇರಿಯಾ ರೋಗಿಗೆ ಮೊದಲೇ 101 ಡಿಗ್ರಿ ಜ್ವರವಿದ್ದು, ಅದನ್ನು ಬರೆಯದೆ ಬಿಟ್ಟರೆ ಆಮೇಲೆ ಕಂಡ ಜ್ವರ ಯಾರದ್ದು? ಮೊದಲ ಕಾಲು ಗಂಟೆ ನಿಮಿಷಕ್ಕೆ ಒಂದೆರಡು ಮಿಲಿಲೀಟರಿಗಿಂತ ಹೆಚ್ಚು ಬಿಡದೆ, ಸಿಸ್ಟರ್ ಅಲ್ಲೇ ಇರಬೇಕು. ಲೆಕ್ಕ ಹಾಕಿದರೆ ಅಷ್ಟರಲ್ಲಿ ಒಳಗೆ ಹೋಗುವುದು 15ರಿಂದ 30 ಮಿಲಿಲೀಟರ್. ಹಾನಿ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ ಎಂದೆನಲ್ಲ, ಇಲ್ಲಿ ಸಿಕ್ಕಿಬಿದ್ದ ತಪ್ಪಿನಲ್ಲಿ ಚೀಲದ ಬಹುಭಾಗ ಚೀಲದಲ್ಲೇ ಉಳಿದಿರುತ್ತದೆ. ಬದುಕುವ ಸಾಧ್ಯತೆ ಆ ಉಳಿದ ರಕ್ತದಲ್ಲಿದೆ.

ಈ ಹೊತ್ತಿನಲ್ಲಿ ನೋಡಬೇಕಾದ್ದು ಮಾನಿಟರಿನ ಅಂಕಿ ಮಾತ್ರವಲ್ಲ. ಚಳಿ, ನಡುಕ, ಸೂಜಿ ಚುಚ್ಚಿದ ಜಾಗದಲ್ಲಿ ಉರಿ, ಎದೆ ಬಿಗಿತ, ಸೊಂಟದ ಎರಡೂ ಬದಿ ನೋವು. ಇವೆಲ್ಲಕ್ಕಿಂತ ಮೊದಲು ರೋಗಿಗೆ ಏನೋ ಕೆಟ್ಟದ್ದು ಆಗುತ್ತಿದೆ ಎಂಬ ಭಯ ಮೂಡುವುದುಂಟು, ವೈದ್ಯಕೀಯ ಪುಸ್ತಕಗಳು ಅದನ್ನು ಒಂದು ಲಕ್ಷಣವೆಂದೇ ಪಟ್ಟಿಮಾಡುತ್ತವೆ. ನಮ್ಮ ಜನ ಅದನ್ನು ಹೇಳುವ ರೀತಿ ಬೇರೆ. “ಯಾಕೋ ಒಂಥರಾ ಆಗ್ತಿದೆ ಸಿಸ್ಟರ್” ಎನ್ನುತ್ತಾರೆ, “ಸಂಕಟ ಆಗ್ತದೆ” ಎನ್ನುತ್ತಾರೆ, “ಸೊಂಟ ಹಿಡ್ಕೊಂಡಂಗೆ ಆಯ್ತು” ಎನ್ನುತ್ತಾರೆ. “ಏನೂ ಆಗಲ್ಲಮ್ಮ, ಹೆದರ್ಬೇಡಿ” ಎಂಬ ಸಮಾಧಾನ ಇಂಥ ಹೊತ್ತಿನಲ್ಲಿ ಬಾಯಿಗೆ ಬಹಳ ಸುಲಭವಾಗಿ ಬರುತ್ತದೆ. ರಕ್ತ ಓಡುತ್ತಿರುವಾಗ ‘ಒಂಥರಾ’ ಎಂಬ ಮಾತನ್ನು ಒಂದು ರೋಗಲಕ್ಷಣದಂತೆ ಗಂಭೀರವಾಗಿ ತೆಗೆದುಕೊಳ್ಳಬೇಕು. ಅರಿವಳಿಕೆ ಕೊಟ್ಟ ರೋಗಿ, ಪ್ರಜ್ಞೆ ತಪ್ಪಿದವರು, ಎಳೆಗೂಸುಗಳು ಅದನ್ನೂ ಹೇಳಲಾರರು. ಅಲ್ಲಿ ಬಿ.ಪಿ. ಇಳಿಯುವುದು, ಗಾಯದಿಂದ ರಕ್ತ ಒಸರುವುದು, ಮೂತ್ರದ ಚೀಲದ ಬಣ್ಣ ಬದಲಾಗುವುದು ಇಷ್ಟೇ ಸುಳಿವು.

ಹದಿನೈದು ನಿಮಿಷ ಕಳೆದ ಮಾತ್ರಕ್ಕೆ ಅಪಾಯ ದಾಟಿತೆಂದಲ್ಲ. ವಯಸ್ಸಾದವರಲ್ಲಿ, ಹೃದಯ ಅಥವಾ ಮೂತ್ರಪಿಂಡ ದುರ್ಬಲವಾದವರಲ್ಲಿ, ತಿಂಗಳುಗಟ್ಟಲೆ ರಕ್ತಹೀನತೆಗೆ ಹೊಂದಿಕೊಂಡವರಲ್ಲಿ ಬೇರೊಂದು ಭಯವಿದೆ. ಕಬ್ಬಿಣದ ಕೊರತೆಯಿಂದ ಹಿಮೊಗ್ಲೋಬಿನ್ ನಾಲ್ಕೈದಕ್ಕೆ ಇಳಿದು, ಮೆಟ್ಟಿಲು ಹತ್ತಿದರೆ ಏದುಸಿರು ಎನ್ನುತ್ತ ಬರುವ ತಾಯಂದಿರನ್ನು ನೆನೆಯಿರಿ. ಅವರ ದೇಹದಲ್ಲಿ ದ್ರವ ಕಡಿಮೆಯಿರುವುದಿಲ್ಲ, ಕಣಗಳು ಕಡಿಮೆ. ಹೃದಯ ಆಗಲೇ ದುಪ್ಪಟ್ಟು ದುಡಿದು ದಣಿದಿರುತ್ತದೆ. ಎರಡು ಚೀಲ ಒಂದರ ಹಿಂದೊಂದು ಬೇಗನೆ ಸುರಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಮಲಗಲಾರದೆ ಎದ್ದು ಕೂರುತ್ತಾರೆ, ಆಮ್ಲಜನಕ ಇಳಿಯುತ್ತದೆ. ಬ್ರಿಟನ್ನಿನ ವರದಿಗಳಲ್ಲಿ ರಕ್ತಪೂರಣಕ್ಕೆ ಸಂಬಂಧಿಸಿದ ಸಾವುಗಳ ಮುಖ್ಯ ಕಾರಣವಾಗಿ ಈ ತೊಡಕು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಒಂದು ಚೀಲ, ನಿಧಾನ, ಮತ್ತೆ ಪರೀಕ್ಷೆ, ಅಗತ್ಯವಿದ್ದರೆ ಇನ್ನೊಂದು: ಇದು ತಡೆಯುವ ದಾರಿ. ರಾತ್ರಿ ಪಾಳಿಯಲ್ಲಿ ತುರ್ತಿಲ್ಲದ ರಕ್ತ ಏರಿಸಬಾರದೆಂಬ ಸಲಹೆಯೂ ಇದಕ್ಕೇ ಸೇರಿದ್ದು. ಕತ್ತಲಲ್ಲಿ, ನಿದ್ದೆಯಲ್ಲಿರುವ ರೋಗಿಯ ಉಸಿರು ಏರಿದ್ದನ್ನು ಕಾಣುವವರು ಕಡಿಮೆ.

ಏನಾದರೂ ಅನುಮಾನ ಬಂದ ಕೂಡಲೇ ಮೊದಲ ಕೆಲಸ ಕ್ಲಾಂಪ್ ಮುಚ್ಚಿ ರಕ್ತ ನಿಲ್ಲಿಸುವುದು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುವುದು ಎರಡನೆಯದು. ಈ ಕ್ರಮ ತಿರುವುಮುರುವಾಗಬಾರದು. ನಿಲ್ಲಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಸೂಜಿ ತೆಗೆಯಬಾರದು, ಬಿ.ಪಿ. ಕುಸಿದ ಮೇಲೆ ಹೊಸ ನಾಳ ಸಿಗುವುದು ಕಷ್ಟ. ಹಳೆಯ ನಳಿಕೆಯನ್ನು ಪೂರ್ತಿ ತೆಗೆದು ಹೊಸ ಸೆಟ್ಟಿನಲ್ಲಿ ಸಲೈನ್ ಓಡಿಸಬೇಕು; ಹಳೆಯ ನಳಿಕೆಯಲ್ಲೇ ಸಲೈನ್ ಬಿಟ್ಟರೆ ಅದರಲ್ಲಿ ನಿಂತ ರಕ್ತವೂ ಒಳಗೆ ಹೋಗುತ್ತದೆ. ಪಟ್ಟಿ, ಚೀಟಿ, ಚೀಲ ಮೂರನ್ನೂ ಮತ್ತೆ ಹೋಲಿಸಬೇಕು. ಒಬ್ಬರ ಚೀಲ ಇಲ್ಲಿ ತಪ್ಪಾಗಿ ಬಂದಿದ್ದರೆ ಇವರ ಚೀಲ ಇನ್ನಾರಿಗೋ ಏರುತ್ತಿರಬಹುದು, ಆ ಎರಡನೆಯ ರೋಗಿಯ ಕಡೆಗೂ ಓಡಬೇಕಾದೀತು. ಆಮೇಲೆ ಚೀಲ, ಸೆಟ್, ಹೊಸದಾಗಿ ತೆಗೆದ ರಕ್ತ ಮತ್ತು ಮೂತ್ರದ ಮಾದರಿ ಎಲ್ಲವೂ ರಕ್ತನಿಧಿಗೆ. ಗಾಬರಿಯಲ್ಲಿ ಚೀಲವನ್ನು ಕಸದ ಬುಟ್ಟಿಗೆ ಎಸೆದರೆ ಕಾರಣ ತಿಳಿಯುವ ದಾರಿಯೂ ಅದರ ಜೊತೆ ಹೋಗುತ್ತದೆ. ಬರೀ ಪಿತ್ತಗಂಧೆ, ತುರಿಕೆ ಎದ್ದು, ಜ್ವರವಾಗಲಿ ಉಸಿರಿನ ತೊಂದರೆಯಾಗಲಿ ಇಲ್ಲದಿದ್ದರೆ, ವೈದ್ಯರು ನೋಡಿ ಅಲರ್ಜಿಯ ಔಷಧಿ ಕೊಟ್ಟ ಮೇಲೆ ಅದೇ ಚೀಲವನ್ನು ನಿಧಾನವಾಗಿ ಮುಂದುವರಿಸುವುದುಂಟು. ಅದೊಂದೇ ವಿನಾಯಿತಿ.

ನಮ್ಮಲ್ಲೂ 2012ರ ಡಿಸೆಂಬರಿನಿಂದ ರಕ್ತಪೂರಣದ ಪ್ರತಿಕ್ರಿಯೆಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ ನಡೆಯುತ್ತಿದೆ, ನೋಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆ ಅದರ ಕೇಂದ್ರ. ಫಾರಂ ತುಂಬಬೇಕಾದ ಸರಪಳಿ ವಾರ್ಡಿನಿಂದಲೇ ಶುರುವಾಗುತ್ತದೆ. ಬರೆದರೆ ಮೆಮೊ ಬರುತ್ತದೆ ಎಂಬ ಭಯವಿರುವಲ್ಲಿ ಯಾರೂ ಬರೆಯುವುದಿಲ್ಲ. ಬರೆಯದಿದ್ದರೆ ಅದೇ ತಪ್ಪು ಪಕ್ಕದ ವಾರ್ಡಿನಲ್ಲಿ ಮತ್ತೆ ಆಗುತ್ತದೆ. ನನ್ನ ಅಭಿಪ್ರಾಯದಲ್ಲಿ ಆಡಳಿತ ಮಾಡುವವರು ಇದಕ್ಕಿಂತ ಮೊದಲು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ. ರಾತ್ರಿ ಒಬ್ಬರೇ ಸಿಸ್ಟರ್ ನಲವತ್ತು ಮಂಚ ನೋಡಿಕೊಳ್ಳುವ ವಾರ್ಡಿನಲ್ಲಿ ಎರಡನೆಯ ಸಹಿ ಯಾರದ್ದು? ಒಬ್ಬ ರೋಗಿಯ ಬಳಿ ಕಾಲು ಗಂಟೆ ನಿಲ್ಲುವಾಗ ಉಳಿದವರ ಕರೆಗೆ ಓಗೊಡುವವರು ಯಾರು? ಆ ಕಾಲು ಗಂಟೆಯನ್ನು ಕೆಲಸದ ಹೊರೆಯ ಲೆಕ್ಕದಲ್ಲಿ ಸೇರಿಸದೆ, ನಿಯಮಾವಳಿಯನ್ನು ಗೋಡೆಗೆ ಅಂಟಿಸಿ, ತಪ್ಪಾದಾಗ ಸಿಸ್ಟರ್ ಒಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ, ಅದರಿಂದ ಯಾವ ರೋಗಿಯೂ ಉಳಿಯುವುದಿಲ್ಲ.

ರೋಗಿಯ ಕಡೆಯವರು ಮಾಡಬಹುದಾದದ್ದೂ ಇದೆ. ಥಲಸ್ಸೀಮಿಯಾ ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕಾಗುತ್ತದೆ, ಅವರ ಡೇ ಕೇರ್ ಕೋಣೆಗಳಲ್ಲಿ ತಾಯಂದಿರು ಸಿಸ್ಟರ್‌ಗಿಂತ ಮೊದಲೇ ಚೀಲದ ಚೀಟಿ ಓದಿರುತ್ತಾರೆ. ಆ ಅಭ್ಯಾಸ ಎಲ್ಲರಿಗೂ ಇರಲಿ. ಹೆಸರು ಎಷ್ಟು ಸಲ ಕೇಳಿದರೂ ಬೇಸರಿಸದೆ ಹೇಳಿ, ಕೈಪಟ್ಟಿ ಬಿಚ್ಚಬೇಡಿ, ಹಿಂದೆ ರಕ್ತ ಹಾಕಿದಾಗ ಮೈ ನಡುಗಿತ್ತು ಎಂದಿದ್ದರೆ ಕೇಳದಿದ್ದರೂ ತಿಳಿಸಿ, ಬೇಗ ಮನೆಗೆ ಹೋಗಬೇಕೆಂದು ಹನಿಯ ವೇಗವನ್ನು ನೀವೇ ಹೆಚ್ಚಿಸಬೇಡಿ. ಮನೆಗೆ ಹೋದ ಮೇಲೂ ಎರಡು ವಾರ ಗಮನವಿರಲಿ. ದೇಹ ಹಿಂದೆಂದೋ ಕಂಡು ಮರೆತಂತಿದ್ದ ಆಂಟಿಜೆನ್ ಹೊಸ ರಕ್ತದಲ್ಲಿದ್ದರೆ ಪ್ರತಿಕಾಯಗಳು ಮೆಲ್ಲಗೆ ಏರಿ, ಕೆಲವು ದಿನ ಕಳೆದ ಮೇಲೆ ಕಣಗಳು ಒಡೆಯತೊಡಗುತ್ತವೆ. ಕಣ್ಣು ಹಳದಿಯಾಗುವುದು, ಮೂತ್ರ ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುವುದು, ಜ್ವರ, ಮತ್ತೆ ಸುಸ್ತು ಕಂಡರೆ ರಕ್ತ ಏರಿಸಿದ ಆಸ್ಪತ್ರೆಗೇ ಹೋಗಿ, ಯಾವ ದಿನ ಎಷ್ಟು ಚೀಲ ಹಾಕಿದರು ಎಂಬುದನ್ನು ಹೇಳಿ. ಡಿಸ್ಚಾರ್ಜ್ ಕಾಗದದಲ್ಲಿ ಅದನ್ನು ಬರೆಸಿಕೊಂಡು ಬಂದಿದ್ದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ.